ಅಮ್ಮ ಸಂಜೆ ದೀಪ ಹಚ್ಚುವುದನ್ನೇ ಬಿಟ್ಟಿದ್ದಾಳೆ, ಏನು ಮಾಡಲಿ?

ಸಾಗರದವನು

ಎಲ್ಲರಿಗೂ ನಮಸ್ಕಾರ. ಇದನ್ನು ಯಾರ ಹತ್ತಿರ ಕೇಳಬೇಕು ಅಂತ ಗೊತ್ತಾಗದೆ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಅಮ್ಮನಿಗೆ ಈಗ 77 ವರ್ಷ. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಅಪ್ಪ ಹೋಗಿ ಎರಡು ವರ್ಷ ಆಯಿತು. ಅಡಿಕೆ ತೋಟವನ್ನು ಚಿಕ್ಕಪ್ಪನ ಮಗ ನೋಡಿಕೊಳ್ಳುತ್ತಾನೆ. ಮನೆಗೆ ಬೀಗ ಹಾಕಿ ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬಂದೆವು. ಒಂಬತ್ತನೇ ಮಹಡಿಯ ಫ್ಲ್ಯಾಟು. ನಾನು, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಮಗಳು ಏಳನೇ ಕ್ಲಾಸು. ಊಟ, ಮಾತ್ರೆ, ಡಾಕ್ಟರು ಯಾವುದಕ್ಕೂ ಕಮ್ಮಿ ಮಾಡಿಲ್ಲ. ಜೀವಮಾನವಿಡೀ ದುಡಿದಿದ್ದಾಳೆ, ಇನ್ನಾದರೂ ಆರಾಮಾಗಿ ಇರಲಿ ಅಂತ ಒಂದು ಲೋಟ ಕೂಡ ತೊಳೆಯಲು ಬಿಡುವುದಿಲ್ಲ.

ಊರಲ್ಲಿ ಇದ್ದ ಅಮ್ಮನೇ ಬೇರೆ. ಐದು ಗಂಟೆಗೆ ಎದ್ದು, ಬಾವಿಯಿಂದ ನೀರು ಸೇದಿ, ದಾಸವಾಳ, ನಂದಿಬಟ್ಟಲು, ಕರವೀರ ಅಂತ ಬುಟ್ಟಿ ತುಂಬ ಹೂ ಕೊಯ್ದು, ಅಪ್ಪ ಪೂಜೆಗೆ ಕೂರುವ ಹೊತ್ತಿಗೆ ಗಂಧ ತೇಯ್ದು ಬಟ್ಟಲಲ್ಲಿ ಇಟ್ಟಿರುತ್ತಿದ್ದಳು. ಸಂಜೆ ದೀಪ ಹಚ್ಚಿ ತುಳಸಿ ಕಟ್ಟೆಗೆ ಒಂದು ಸುತ್ತು. ಶನಿವಾರ ದೇವಸ್ಥಾನದಲ್ಲಿ ಭಜನೆ. ನಕ್ಕರೆ ಪಕ್ಕದ ಮನೆಗೆ ಕೇಳಬೇಕು, ಹಾಗೆ ನಗುತ್ತಿದ್ದಳು.

ಈಗ ಸೋಫಾದ ಮೇಲೆ ಕೂತಿರುತ್ತಾಳೆ. ಟಿವಿ ಹಾಕಿಕೊಟ್ಟರೆ ಟಿವಿ, ಇಲ್ಲದಿದ್ದರೆ ಕಿಟಕಿ. ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿನಲ್ಲಿ ಹೆಂಗಸರೆಲ್ಲ ಸೇರಿ ಪ್ರತಿ ಶುಕ್ರವಾರ ಲಲಿತಾ ಸಹಸ್ರನಾಮ ಹೇಳುತ್ತಾರೆ. ಎರಡು ವಾರ ಹೋದಳು. ಮೂರನೇ ವಾರ "ನಂಗೆ ಬೇಡ" ಅಂದಳು, ಯಾಕೆ ಅಂತ ಹೇಳಲಿಲ್ಲ. ಮೂರು ತಿಂಗಳಿಂದ ಸಂಜೆ ದೀಪವನ್ನೂ ಹಚ್ಚುತ್ತಿಲ್ಲ (ಒಂದು ದಿನ ಸೆರಗಿನ ತುದಿಗೆ ಸ್ವಲ್ಪ ಬೆಂಕಿ ತಾಗಿತ್ತು, ದೊಡ್ಡದೇನೂ ಆಗಲಿಲ್ಲ, ಆದರೆ ನಾವು ಹೆದರಿ ಎಣ್ಣೆ ದೀಪ ತೆಗೆದು ಬ್ಯಾಟರಿ ದೀಪ ತಂದಿಟ್ಟೆವು). ಏನಾದರೂ ಕೇಳಿದರೆ "ಸಾಕು ಮಾರಾಯ, ದೇವರು ಕರ್ಕೊಂಡ್ರೆ ಸಾಕು" ಅನ್ನುತ್ತಾಳೆ.

ವಯಸ್ಸಾದ ಮೇಲೆ ಭಕ್ತಿ ಜಾಸ್ತಿ ಆಗಬೇಕು ಅಲ್ವಾ? ಇದು ಉಲ್ಟಾ ಆಗುತ್ತಿದೆಯಲ್ಲ. ಕಾಶಿಗೆ ಕರೆದುಕೊಂಡು ಹೋಗಿ ಬಂದರೆ ಸರಿ ಹೋಗಬಹುದಾ ಅಂತ ಯೋಚನೆ ಮಾಡುತ್ತಿದ್ದೇನೆ. ನಿಮ್ಮ ಮನೆಯ ಹಿರಿಯರು ಕೊನೆಗಾಲದಲ್ಲಿ ನಂಬಿಕೆ ಬಿಡದೆ, ನಗುನಗುತ್ತಾ ಇದ್ದರೆ ಅದು ಹೇಗೆ ಸಾಧ್ಯ ಆಯಿತು, ದಯವಿಟ್ಟು ಹೇಳಿ.

ನಿದ್ದೆಗೆಟ್ಟವ

ಸರ್, ಭಕ್ತಿ ವಿಷಯ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಮತ್ತು ಬಿ12 ಎರಡೂ ನೋಡಿಸಿ. ಸಸ್ಯಾಹಾರಿಗಳಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ ಬಿ12 ಕಮ್ಮಿ ಇರುವುದು ತೀರಾ ಸಾಮಾನ್ಯ. ಸುಸ್ತು, ಮರೆವು, ಯಾವುದರಲ್ಲೂ ಮನಸ್ಸಿಲ್ಲದಿರುವುದು, ಎಲ್ಲ ಅದರಿಂದಲೂ ಬರುತ್ತೆ. ಕಣ್ಣು, ಕಿವಿಯನ್ನೂ ಒಮ್ಮೆ ತೋರಿಸಿ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ ನಮ್ಮ ಅಪ್ಪ ರಿಟೈರ್ ಆಗಿ ಕೆಲವು ವರ್ಷಕ್ಕೆ ಹೀಗೇ ಸುಮ್ಮನಾದರು. ಪೇಪರ್ ಓದುವುದು ಬಿಟ್ಟರು, ವಾಕಿಂಗ್ ಬಿಟ್ಟರು, ಮೊಮ್ಮಗ ಬಂದರೂ ತಿರುಗಿ ನೋಡುತ್ತಿರಲಿಲ್ಲ. ಬಂದ ನೆಂಟರೆಲ್ಲ "ವೈರಾಗ್ಯ ಬಂದಿದೆ, ಒಳ್ಳೇದೇ" ಅಂದರು. ನಾವೂ ಹೌದು ಅಂದುಕೊಂಡೆವು. ಅದು ವೈರಾಗ್ಯ ಅಲ್ಲ, ಖಿನ್ನತೆ. ಮನೋವೈದ್ಯರು ಕೊಟ್ಟ ಮಾತ್ರೆಗೆ ಎರಡು ತಿಂಗಳಲ್ಲಿ ಮನುಷ್ಯ ವಾಪಸ್ ಬಂದರು. ಒಂದು ವರ್ಷ ಸುಮ್ನೆ ಹಾಳು ಮಾಡಿದೆವಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ನೀವು ಬೆಂಗಳೂರಿನಲ್ಲೇ ಇದ್ದೀರಿ. ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆ ಅಂತಲೇ ಕ್ಲಿನಿಕ್ ಇದೆ. ಹೋಗಲು ಮುಜುಗರ ಅನ್ನಿಸಿದರೆ ಮೊದಲು ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ಮಾತಾಡಿ. "ದೇವರು ಕರ್ಕೊಂಡ್ರೆ ಸಾಕು" ಅನ್ನುವುದು ನಮ್ಮಲ್ಲಿ ಎಲ್ಲ ಅಜ್ಜಿಯರೂ ಹೇಳುವ ಮಾತು, ಒಪ್ಪುತ್ತೇನೆ. ಆದರೆ ನಗುತ್ತಾ ಹೇಳುವುದಕ್ಕೂ ಕಿಟಕಿ ನೋಡುತ್ತಾ ಹೇಳುವುದಕ್ಕೂ ವ್ಯತ್ಯಾಸ ಇದೆ.

ಕಾಶಿ ಎಲ್ಲೂ ಓಡಿ ಹೋಗಲ್ಲ.

ಕಿನ್ನಿಗೋಳಿಯವಳು

ಕಿವಿ ಅಂದಿದ್ದಕ್ಕೆ ನನ್ನ ಅಜ್ಜಿ ನೆನಪಾದರು. ನಾವು ಕ್ರೈಸ್ತರು, ಮಂಗಳೂರು ಕಡೆಯವರು. ನಮ್ಮಲ್ಲಿ ಸಂಜೆ ದೇವರ ಪೀಠದ ಎದುರು ಎಲ್ಲರೂ ಮೊಣಕಾಲೂರಿ ತೇರ್ಸ್ ಹೇಳುತ್ತಾರೆ, ಜಪಸರ ಹಿಡಿದು. ಒಬ್ಬರು ಪ್ರಾರ್ಥನೆಯ ಮೊದಲರ್ಧ ಹೇಳಬೇಕು, ಉಳಿದವರು ಎರಡನೇ ಅರ್ಧ ಹೇಳಿ ಮುಗಿಸಬೇಕು. ಅಜ್ಜಿ 86 ವರ್ಷದ ಹೊತ್ತಿಗೆ ಇದ್ದಕ್ಕಿದ್ದಂತೆ ತೇರ್ಸ್‌ಗೆ ಬರುವುದನ್ನು ಕಮ್ಮಿ ಮಾಡಿದರು. ಕೋಣೆಯಲ್ಲಿ ಒಬ್ಬರೇ ಕೂತಿರುತ್ತಿದ್ದರು. ಕಾರಣ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ಮುಂದೆ ಹೇಳುವವರ ದನಿ ಅವರಿಗೆ ಸರಿಯಾಗಿ ಕೇಳುತ್ತಿರಲಿಲ್ಲ, ಹಾಗಾಗಿ ಇವರ ಉತ್ತರ ಎಲ್ಲರಿಗಿಂತ ಒಂದು ಕ್ಷಣ ತಡವಾಗಿ ಬರುತ್ತಿತ್ತು. ಒಂದು ದಿನ ನಾವು ಮಕ್ಕಳು ಕಿಸಕ್ಕನೆ ನಕ್ಕಿದ್ದೆವು. ನಕ್ಕವರಲ್ಲಿ ನಾನೂ ಇದ್ದೆ. ಅಷ್ಟೇ, ಅಜ್ಜಿ ಬಾಯಿ ಮುಚ್ಚಿಕೊಂಡರು.

ಆಮೇಲೆ ಕಿವಿಗೆ ಮಷಿನ್ ಹಾಕಿಸಿದೆವು. ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಅಪ್ಪನ ಉಪಾಯ. "ಇನ್ನು ಮೇಲೆ ಮೊದಲರ್ಧ ಅಜ್ಜಿಯೇ ಹೇಳಲಿ, ನಾವು ಉತ್ತರ ಕೊಡೋಣ" ಅಂದರು. ಈಗ ಅವರು ಯಾರಿಗೂ ಕಾಯಬೇಕಾಗಿಲ್ಲ, ನಾವೆಲ್ಲ ಅವರಿಗೆ ಕಾಯಬೇಕು!

ಕೊನೆಯ ಮೂರು ವರ್ಷ ಇಗರ್ಜಿಗೆ ಹೋಗಲು ಆಗುತ್ತಿರಲಿಲ್ಲ. ತಿಂಗಳಿಗೊಮ್ಮೆ ಪಾದ್ರಿಗಳೇ ಮನೆಗೆ ಪರಮಪ್ರಸಾದ ತರುತ್ತಿದ್ದರು. ಆ ದಿನ ನಮ್ಮ ಮನೆಯಲ್ಲಿ ಹಬ್ಬವೇ. ಬೆಳಿಗ್ಗೆ ಆರಕ್ಕೇ "ಆ ನೀಲಿ ಸೀರೆ ತೆಗಿ" ಅಂತ ಶುರು. ಮೇಜಿನ ಮೇಲೆ ಬಿಳಿ ಬಟ್ಟೆ, ಶಿಲುಬೆ, ಎರಡು ಮೇಣದಬತ್ತಿ. ಪಾದ್ರಿಗಳು ಇರುತ್ತಿದ್ದುದು ಹತ್ತು ನಿಮಿಷ, ಅದರಲ್ಲಿ ಐದು ನಿಮಿಷ ಅಜ್ಜಿ ಊರಿನ ಸುದ್ದಿ ಎಲ್ಲ ವಿಚಾರಿಸಿಬಿಡುತ್ತಿದ್ದರು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಏಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ) ಮುಂಚೆ ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂ ಹಾಕುತ್ತಾರೆ. ನಾವು ತಂದ ಹೂವನ್ನೆಲ್ಲ ಮಡಿಲಲ್ಲಿ ಸುರಿದುಕೊಂಡು ಬಾಡಿದ್ದನ್ನು ಆರಿಸಿ ಬಿಸಾಡುವುದು ಅಜ್ಜಿಯ ಇಲಾಖೆ. 91ನೇ ವಯಸ್ಸಿನಲ್ಲೂ ಮಾಡಿದರು.

ತಮ್ಮನ್ನು ಮಣ್ಣು ಮಾಡುವಾಗ ಉಡಿಸಬೇಕಾದ ಸೀರೆಯನ್ನು ಅವರೇ ಆರಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುವಾಗ "ಈ ವರ್ಷವೂ ಹಳೇದಾಗಲಿಲ್ಲ ನೋಡು" ಅಂತ ನಗುತ್ತಿದ್ದರು. ನಮಗೆ ಆಗ ಅಳು ಬರುತ್ತಿತ್ತು, ಅವರಿಗೆ ಮಾತ್ರ ಅದೊಂದು ತಮಾಷೆ.

ಮಂಡಿನೋವು ಮೇಡಂ

ನನಗೆ 76. ಮೈಸೂರು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು, ಹಾಗಾಗಿ ನಿನ್ನನ್ನು ನೀನು ಅಂತಲೇ ಕರೆಯುತ್ತೇನೆ. ಫೋನಿಗೆ ಮಾತಾಡಿ ಬರೆಸುತ್ತಿದ್ದೇನೆ, ತಪ್ಪಿದ್ದರೆ ಅದು ಫೋನಿನದು.

ನೋಡಪ್ಪ, ಉತ್ತರವನ್ನು ನೀನೇ ಬರೆದಿದ್ದೀಯ. ಆದರೆ ಬ್ರಾಕೆಟ್ ಒಳಗೆ ಹಾಕಿದ್ದೀಯ. ನಿಮ್ಮ ಅಮ್ಮ ದೀಪ ಹಚ್ಚುವುದನ್ನು ಬಿಡಲಿಲ್ಲ. ನೀವು ಅವರ ದೀಪ ತೆಗೆದಿರಿ. ಬ್ಯಾಟರಿ ದೀಪಕ್ಕೆ ಸ್ವಿಚ್ ಒತ್ತುವುದು ಬಿಟ್ಟು ಏನು ಕೆಲಸ ಇದೆ? ಬತ್ತಿ ಹೊಸೆಯಬೇಕಾ, ಎಣ್ಣೆ ಹಾಕಬೇಕಾ, ಕುಡಿ ತೆಗೆಯಬೇಕಾ, ಆರಿಹೋಗದ ಹಾಗೆ ಕೈ ಅಡ್ಡ ಹಿಡಿಯಬೇಕಾ? ನಮ್ಮ ಕಾಲದ ಹೆಂಗಸರಿಗೆ ಭಕ್ತಿ ಇರುವುದು ತಲೆಯಲ್ಲಿ ಅಲ್ಲ, ಕೈಯಲ್ಲಿ. ಹೂ ಕೊಯ್ಯುವುದು, ಗಂಧ ತೇಯುವುದು, ರಂಗೋಲಿ ಎಳೆಯುವುದು. ಅದೆಲ್ಲ ಒಂಬತ್ತನೇ ಮಹಡಿಗೆ ಬರಲಿಲ್ಲ. ಉಳಿದಿದ್ದು ದೀಪ ಒಂದು. ಅದೂ ಹೋಯಿತು. ಮೇಲಿಂದ ಲೋಟ ಕೂಡ ತೊಳೆಯಲು ಬಿಡುವುದಿಲ್ಲ ಅಂತ ಹೆಮ್ಮೆಯಿಂದ ಬೇರೆ ಬರೆದಿದ್ದೀಯ. ನೆಂಟರ ಮನೆಗೆ ಹೋದಾಗ ಮೂರನೇ ದಿನಕ್ಕೇ ಬೇಜಾರಾಗುತ್ತಲ್ಲ, ಅವರಿಗೆ ಎರಡು ವರ್ಷದಿಂದ ಮೂರನೇ ದಿನ ನಡೆಯುತ್ತಿದೆ.

ಬೆಂಕಿ ಹೆದರಿಕೆ ಸುಳ್ಳಲ್ಲ. ನನ್ನ ಕೈಯೂ ನಡುಗುತ್ತೆ. ದೀಪವನ್ನು ಎತ್ತರದಲ್ಲಿ ಇಡಬೇಡ, ದೀಪದ ಮೇಲಿಂದ ಕೈ ಚಾಚುವಾಗಲೇ ಸೆರಗು ತಾಗುವುದು. ಸ್ಟೂಲಿನ ಮೇಲೆ ಕೂತು ಹಚ್ಚುವ ಹಾಗೆ ಮಾಡು, ದೀಪದ ಕೆಳಗೆ ಅಗಲವಾದ ಹಿತ್ತಾಳೆ ತಟ್ಟೆ, ಸೆರಗು ಸೊಂಟಕ್ಕೆ ಸಿಕ್ಕಿಸಿರಬೇಕು, ಹತ್ತಿ ಸೀರೆ ಆಗಿರಬೇಕು. ಆ ಹತ್ತು ನಿಮಿಷ ಮೊಮ್ಮಗಳು ಪಕ್ಕದಲ್ಲಿ ಇರಲಿ. ಕಾವಲಿಗೆ ಅಂತ ಹೇಳಬೇಡ, ಕಲಿಯಲಿಕ್ಕೆ ಅಂತ ಹೇಳು.

ಇನ್ನೊಂದು ವಿಷಯ, ನೀನು ಗಂಡಸು, ಹೊಳೆದಿರಲಿಕ್ಕಿಲ್ಲ. ಶುಕ್ರವಾರದ ಸಹಸ್ರನಾಮ ಮುಗಿದ ಮೇಲೆ ಅರಿಶಿನ ಕುಂಕುಮದ ತಟ್ಟೆ ಸುತ್ತುತ್ತಲ್ಲ, ಅದು ನಿಮ್ಮ ಅಮ್ಮನ ಎದುರು ನಿಂತಿತಾ, ದಾಟಿಕೊಂಡು ಹೋಯಿತಾ? ನಿನ್ನ ಹೆಂಡತಿ ಹತ್ತಿರ ಕೇಳಿಸು. ಯಜಮಾನರು ಹೋದ ಮೇಲೆ ನನಗೂ ಹೀಗೆ ಆಗಿದೆ. ಯಾರೂ ಕೆಟ್ಟವರಲ್ಲ. ತಟ್ಟೆ ಹಿಡಿದ ಕೈ ತಾನಾಗಿ ಆ ಕಡೆ ತಿರುಗಿಬಿಡುತ್ತೆ. ಆದರೆ ಕೂತವಳಿಗೆ ನೆಲ ಬಾಯಿ ಬಿಡಬಾರದಾ ಅನ್ನಿಸುತ್ತೆ.

ಆಗ ಆರು ತಿಂಗಳು ನಾನು ದೇವರ ಮನೆ ಬಾಗಿಲು ಹಾಕಿಟ್ಟಿದ್ದೆ. ಕೋಪ. ದಿನಾ ಸಹಸ್ರನಾಮ ಹೇಳಿದ್ದಕ್ಕೆ ಇದಾ ಫಲ ಅಂತ. ವಯಸ್ಸಾದವರಿಗೆ ದೇವರ ಮೇಲೆ ಕೋಪ ಬರಬಾರದು ಅಂತ ಎಲ್ಲಿ ಬರೆದಿದೆ? ಗೌರಿ ಹಬ್ಬದ ಹಿಂದಿನ ದಿನ ಎದುರು ಮನೆಯ ಹೊಸ ಸೊಸೆ ಬಂದಳು. ಗೌರಿಗೆ ಹದಿನಾರು ಎಳೆ ಗೆಜ್ಜೆವಸ್ತ್ರ ಬೇಕು, ಮಾಡಲು ಬರಲ್ಲ ಅಜ್ಜಿ, ಮಾಡಿಕೊಡ್ತೀರಾ ಅಂತ. "ನಾನು ಮಾಡಿದ್ದು ಗೌರಿಗೆ ಆಗುತ್ತೇನಮ್ಮ?" ಅಂದೆ. "ಯಾಕೆ ಆಗಲ್ಲ, ನಿಮ್ಮ ಕೈ ಚೆನ್ನಾಗಿದೆಯಲ್ಲ" ಅಂದಳು. ಅವಳಿಗೆ ನನ್ನ ಪ್ರಶ್ನೆಯೇ ಅರ್ಥ ಆಗಿರಲಿಲ್ಲ, ಪುಣ್ಯಾತಗಿತ್ತಿ! ಹತ್ತಿ ಎಳೆದು, ಬೆರಳಿಗೆ ಹಾಲು ಸವರಿಕೊಂಡು ಹೊಸೆದು, ಅಲ್ಲಲ್ಲಿ ಹಿಸುಕಿ ಕುಂಕುಮ ಇಡುತ್ತಾ ಕೂತವಳು ರಾತ್ರಿ ಹನ್ನೊಂದಕ್ಕೆ ಎದ್ದೆ. ಬೆಳಿಗ್ಗೆ ದೇವರ ಮನೆ ಬಾಗಿಲು ತೆಗೆದೆ. ಬೇರೆ ಏನೂ ಪವಾಡ ನಡೆಯಲಿಲ್ಲ.

ಆಮೇಲೆ ಲಕ್ಷಬತ್ತಿ ಹಿಡಿದೆ, ದೇವರಿಗೆ ಅಂತ ಒಂದು ಲಕ್ಷ ಬತ್ತಿ ಹೊಸೆಯುವುದು. ದಿನಕ್ಕೆ ಮುನ್ನೂರು ಹೊಸೆದರೂ ಹನ್ನೊಂದು ತಿಂಗಳು ಬೇಕು. 70 ದಾಟಿದವಳು ಹನ್ನೊಂದು ತಿಂಗಳ ಲೆಕ್ಕ ಇಟ್ಟುಕೊಳ್ಳುತ್ತಾಳೆ ಅಂದರೆ ಅಷ್ಟು ದಿನ ಬದುಕುವ ಆಸೆ ಇದೆ ಅಂತಲೇ ಅರ್ಥ ತಾನೆ?

ಈಗಂತೂ ಬಸ್ಸು ಬೇರೆ ಇದೆ. 2023ರ ಜೂನ್ 11ರಿಂದ ಹೆಂಗಸರಿಗೆ ಶಕ್ತಿ ಯೋಜನೆ ಬಂತಲ್ಲ, ನಮ್ಮ ಭಜನಾ ಮಂಡಳಿಯ ಏಳು ಜನ ಆಧಾರ್ ಕಾರ್ಡು ಚೀಲಕ್ಕೆ ಹಾಕಿಕೊಂಡು ಹೊರಡುತ್ತೇವೆ. ಸಾಮಾನ್ಯ ಬಸ್ಸು ಮಾತ್ರ, ರಾಜಹಂಸ, ಎಸಿ ಎಲ್ಲ ನಡೆಯಲ್ಲ. ನಂಜನಗೂಡು, ತಲಕಾಡು, ಮೇಲುಕೋಟೆ. ಮೇಲುಕೋಟೆಯಲ್ಲಿ ಬೆಟ್ಟ ಹತ್ತಲು ನನ್ನ ಮಂಡಿ ಒಪ್ಪುವುದಿಲ್ಲ. ನಾನು ಕೆಳಗೆ ಕಲ್ಯಾಣಿ ಹತ್ತಿರ ಚೀಲಗಳಿಗೆ ಕಾವಲು ಕೂತು ಅಲ್ಲಿಂದಲೇ ನರಸಿಂಹನಿಗೆ ಕೈ ಮುಗಿಯುತ್ತೇನೆ. ಅವರು ಇಳಿದು ಬರುವಷ್ಟರಲ್ಲಿ ಪುಳಿಯೋಗರೆಯಲ್ಲಿ ಅರ್ಧ ನಂದು.

ನಂಬಿಕೆ ಇದ್ದರೆ ಮಂಡಿ ನೋಯಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡ.

ಹುಬ್ಬಳ್ಳಿ ಕಡೆಯವ

ಮೇಡಂ ಅವರು ಹೇಳಿದ ಮೇಲೆ ನಂದೇನು ಉಳಿದಿಲ್ಲ, ಆದರೂ ಕೈ ವಿಷಯ ಬಂತು ಅಂತ ಬರೆಯುತ್ತೇನೆ ನೋಡ್ರಿ.

ನಮ್ಮ ಅಪ್ಪಗ 83. ಚಿಕ್ಕಂದಿನಿಂದ ಇಷ್ಟಲಿಂಗ ಪೂಜೆ ತಪ್ಪಿಸಿದವರಲ್ಲ. ಮೂರು ವರ್ಷದ ಹಿಂದೆ ಪಾರ್ಕಿನ್ಸನ್ ಶುರು ಆಯಿತು. ಎಡಗೈ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕೂಡಬೇಕು, ಆ ಕೈಯೇ ನಡುಗುತ್ತೆ. "ಲಿಂಗ ಕೆಳಗ ಬಿದ್ದೀತು ಅಂತ ಅಂಜಿಕಿ ಅಕ್ಕೈತಪ" ಅಂತ ಒಂದು ದಿನ ಹೇಳಿ ಪೂಜೆಗೆ ಕೂಡುವುದನ್ನೇ ಬಿಟ್ಟರು. ನಾವು ಗೋಡೆಗೆ ದೊಡ್ಡ ಫೋಟೋ ಹಾಕಿದೆವು, ಮೊಬೈಲಿನಲ್ಲಿ ವಚನ ಹಚ್ಚಿ ಕೊಟ್ಟೆವು. ನಿಮ್ಮ ಬ್ಯಾಟರಿ ದೀಪ ಇದ್ದ ಹಾಗೇ. ಅವರು ಫೋಟೋ ಕಡೆ ನೋಡಲೂ ಇಲ್ಲ.

ಕೊನೆಗೆ ನಮ್ಮ ತಂಗಿಯೇ ದಾರಿ ಹುಡುಕಿದಳು. ಅಪ್ಪನ ಎದುರು ಕೂತು, ಅವರ ಅಂಗೈ ಕೆಳಗೆ ತನ್ನ ಅಂಗೈ ಕೊಟ್ಟಳು. ಅಷ್ಟೇ. ಈಗ ಅವಳು ತವರಿಗೆ ಬಂದಾಗ ಅವಳು, ಉಳಿದ ದಿನ ನಾನು. ಬೆಳಿಗ್ಗೆ ಇಪ್ಪತ್ತು ನಿಮಿಷ ಅಪ್ಪನ ಕೈ ನನ್ನ ಕೈ ಮೇಲೆ ನಡುಗುತ್ತಾ ಇರುತ್ತೆ. ನಾನು ಅಂಥಾ ದೊಡ್ಡ ಭಕ್ತ ಅಲ್ಲರೀ. ಮೊದಲೆಲ್ಲ ಗಡಿಯಾರ ನೋಡುತ್ತಾ ಕೂಡುತ್ತಿದ್ದೆ. ಈಗ ನೋಡಲ್ಲ.

ಸಾವಿನ ಮಾತು ಮನೆಯಲ್ಲಿ ಆಡಬೇಕೋ ಬೇಡವೋ ಅನ್ನುವುದರ ಬಗ್ಗೆಯೂ ಒಂದು ಮಾತು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ಲಿಂಗೈಕ್ಯರಾದರು. ತಾವು ಹೋದ ಮೇಲೆ ಏನು ಮಾಡಬೇಕು ಅಂತ ಅವರು 2014ರಲ್ಲೇ ಬರೆದಿಟ್ಟಿದ್ದರು. ದೇಹವನ್ನು ಮಣ್ಣು ಮಾಡಬೇಡಿ, ಅಗ್ನಿಗೆ ಕೊಡಿ, ಸ್ಮಾರಕ ಕಟ್ಟಬೇಡಿ ಅಂತ. ಪದ್ಮಶ್ರೀ ಕೊಟ್ಟಾಗಲೂ ವಿನಯದಿಂದ ಬೇಡ ಅಂದವರು, ಅಂಗಿಗೆ ಜೇಬೇ ಇರಲಿಲ್ಲ. ಆ ದಿನ ಟಿವಿಯಲ್ಲಿ ಎಲ್ಲ ನೋಡಿದ ಅಪ್ಪ ರಾತ್ರಿ ಊಟ ಆದ ಮೇಲೆ ನನ್ನನ್ನು ಕರೆದು "ಒಂದ್ ಹಾಳಿ ತಗೊ, ನಂದೂ ಬರ್ಕೊ" ಅಂದರು. ಹೊಲದಲ್ಲಿ ಬೇವಿನ ಗಿಡದ ಹತ್ತಿರ ಜಾಗ. ದೊಡ್ಡ ಊಟ ಮಾಡಿಸಿ ಸಾಲ ಮಾಡಬಾರದು. ಎತ್ತಿನ ಗೆಜ್ಜೆ ಇಂಥವರಿಗೆ ಕೊಡಬೇಕು. ಅವ್ವನ ಹೆಸರಿನ ಠೇವಣಿ ತಂಗಿಗೆ. ಬರೆಯುವಾಗ ನನ್ನ ಕಣ್ಣು ತುಂಬಿತ್ತು, ಅವರು ಆರಾಮಾಗಿ ಎಲಿ ಅಡಿಕಿ ಹಾಕಿಕೊಳ್ಳುತ್ತಿದ್ದರು. ಬರೆದು ಮುಗಿಸಿದ ಮೇಲೆ ಅವರು ಹಗುರಾದರು. ನನಗೆ ಒಂದು ವಾರ ನಿದ್ದೆ ಬರಲಿಲ್ಲ, ಆ ಮಾತು ಬೇರೆ.

ಕಾಶಿ ಬಗ್ಗೆ ನನ್ನ ಪ್ರಶ್ನೆ ಒಂದೇ. ಕಾಶಿ ಆಸೆ ಅಮ್ಮಂದೋ ನಿಮ್ಮದೋ?

ಬಯಲುಸೀಮೆ

ಇಷ್ಟೆಲ್ಲ ಯಾಕೆ, ವಾಪಸ್ ಊರಿಗೆ ಬಿಟ್ಟು ಬನ್ನಿ. ಬಾವಿ, ತುಳಸಿ, ದಾಸವಾಳ ಎಲ್ಲ ಅಲ್ಲೇ ಇದೆ. ಗಿಡ ಕಿತ್ತು ಕುಂಡದಲ್ಲಿ ನೆಟ್ಟು ಯಾಕೆ ಬಾಡುತ್ತಿದೆ ಅಂದರೆ?

ಸಾಗರದವನು

ಬಯಲುಸೀಮೆಯವರೇ, ಹೇಳುವುದು ಸುಲಭ. ನಮ್ಮ ಊರಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ತೋಟ ದಾಟಿ ಹೋಗಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಹಿಡಿದರೆ ಅಂಗಳ ಪಾಚಿ ಕಟ್ಟಿ ಜಾರುತ್ತೆ, ಕರೆಂಟು ಹೋದರೆ ಎರಡು ಮೂರು ದಿನ ಇಲ್ಲ, ಫೋನೂ ಸತ್ತಿರುತ್ತೆ. 77ರ ಹೆಂಗಸನ್ನು ಒಬ್ಬಳೇ ಹೇಗೆ ಬಿಡಲಿ?

ನಿದ್ದೆಗೆಟ್ಟವ

ಒಬ್ಬರೇ ಬಿಡಬೇಡಿ. ನಮ್ಮ ದೊಡ್ಡಮ್ಮ ಹಟ ಮಾಡಿ ಊರಲ್ಲೇ ಇದ್ದರು. ಬಚ್ಚಲಲ್ಲಿ ಬಿದ್ದವರನ್ನು ನೋಡಿದ್ದು ಮಾರನೇ ದಿನ ಹಾಲಿನವನು. ಬದುಕಿದರು, ಆದರೆ ಆಮೇಲೆ ಅವರು ಹಾಸಿಗೆಯಿಂದ ಏಳಲಿಲ್ಲ. ಊರಿನ ಗಾಳಿ, ಊರಿನ ದೇವರು ಅಂತ ಬರೆಯುವವರು ಬಚ್ಚಲಿನ ನೆಲದ ಬಗ್ಗೆ ಯಾವತ್ತೂ ಬರೆಯಲ್ಲ.

ಮಳೆ ಇಲ್ಲದ ಕಾಲದಲ್ಲಿ ನೀವೂ ಜೊತೆಗೆ ಹೋಗಿ ಹದಿನೈದು ದಿನ ಇದ್ದು ಬನ್ನಿ. ಲ್ಯಾಪ್‌ಟಾಪ್ ಕೆಲಸ ತಾನೆ?

ಸಾಗರದವನು

ಮೂರು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ವಾ.

ಬಿ12 ತುಂಬಾ ಕಮ್ಮಿ ಇತ್ತು. ಇಂಜೆಕ್ಷನ್ ಶುರು ಆಗಿದೆ. ಕಿವಿ ಪರವಾಗಿಲ್ಲ, ಎಡಗಡೆ ಸ್ವಲ್ಪ ಮಂದ, ಮಷಿನ್ ಈಗಲೇ ಬೇಡ ಅಂದರು. ಮನಸ್ಸಿನ ಡಾಕ್ಟರ ಹತ್ತಿರ ಮುಂದಿನ ವಾರ ಹೋಗಬೇಕು. ಅಮ್ಮ ಒಪ್ಪಿದ್ದಾಳೆ, "ತಲೆ ಕೆಟ್ಟಿದೆ ಅಂತ ಊರಲ್ಲಿ ಹೇಳಬೇಡ" ಅನ್ನುವ ಷರತ್ತಿನ ಮೇಲೆ.

ಮೇಡಂ, ತಟ್ಟೆಯ ವಿಷಯ ನೀವು ಹೇಳಿದ್ದು ಹೌದು. ಹೆಂಡತಿ ಕೇಳಿದಾಗ ಮೊದಲು "ಎಂಥದ್ದೂ ಇಲ್ಲ" ಅಂದಳಂತೆ. ಆಮೇಲೆ ಪಲ್ಯಕ್ಕೆ ಬೀನ್ಸ್ ಮುರಿಯುತ್ತಾ ಕೂತಾಗ ತಾನಾಗಿಯೇ ಹೇಳಿದ್ದಾಳೆ. ಎರಡು ವಾರವೂ ತಟ್ಟೆ ಪಕ್ಕದವರಿಂದ ನೇರ ಆ ಕಡೆಯವರಿಗೆ ಹೋಯಿತಂತೆ. ಇದನ್ನು ಕೇಳಿ ನನಗೆ ರಾತ್ರಿಯೆಲ್ಲ ಕಸಿವಿಸಿ. ಎರಡು ವರ್ಷದಲ್ಲಿ ನಾನು ಬಿಪಿ ಎಷ್ಟು ಅಂತ ಕೇಳಿದ್ದೇನೆ, ಇಂಥದ್ದನ್ನು ಕೇಳಲೇ ಇಲ್ಲ. ಹೆಂಡತಿ ಆ ಗುಂಪಿನ ಒಬ್ಬರ ಹತ್ತಿರ ಮೆಲ್ಲಗೆ ಹೇಳಿದಳು. ಅವರು ಪಾಪ ಹೌಹಾರಿ ಶುಕ್ರವಾರ ತಟ್ಟೆ ಹಿಡಿದು ನಮ್ಮ ಮನೆಗೇ ಬಂದರು. ಅಮ್ಮ ಹೂ ತೆಗೆದುಕೊಂಡಳು, ಕಾಫಿ ಮಾಡಿಕೊಟ್ಟಳು. ಮುಂದಿನ ಶುಕ್ರವಾರ ಬರುತ್ತೇನೆ ಅಂತ ಮಾತ್ರ ಹೇಳಲಿಲ್ಲ. ಹೋಗಿಯೂ ಇಲ್ಲ. ಇರಲಿ.

ದೀಪ ವಾಪಸ್ ಬಂತು. ಸ್ಟೂಲು, ಹಿತ್ತಾಳೆ ತಟ್ಟೆ, ಎಲ್ಲ ನೀವು ಹೇಳಿದ ಹಾಗೆ. ಮೊದಲ ದಿನ ನಾನೇ ಎಣ್ಣೆ ಹಾಕಿಟ್ಟಿದ್ದೆ. ಅಮ್ಮ ಬಂದು ಕೂತು, ಸೆರಗು ಸಿಕ್ಕಿಸಿ, ದೀಪ ನೋಡಿ "ಇಷ್ಟು ಎಣ್ಣೆ ಯಾರು ಹಾಕ್ತ? ಬತ್ತಿ ಮುಳುಗಿ ಹೋಗಿದ್ದು" ಅಂತ ಬೈದಳು. ಎರಡು ವರ್ಷದಲ್ಲಿ ಅವಳು ನನ್ನನ್ನು ಬೈದಿದ್ದು ಅದೇ ಮೊದಲು. ನಾನು ಆಫೀಸ್ ಕಾಲ್ ಇದೆ ಅಂತ ಸುಳ್ಳು ಹೇಳಿ ಬಾಲ್ಕನಿಗೆ ಹೋಗಿ ನಿಂತೆ.

ಲಕ್ಷಬತ್ತಿಯ ಸುದ್ದಿಯನ್ನು ಮಗಳ ಬಾಯಲ್ಲಿ ಹೇಳಿಸಿದೆವು. "ಲಕ್ಷವಾ? ನಂಗೆಂಥ ಹುಚ್ಚಾ?" ಅಂದವಳು ಮರುದಿನ ಹತ್ತಿ ಕೇಳಿದಳು. ನಾನು ಔಷಧಿ ಅಂಗಡಿಯಿಂದ ತಂದ ಹತ್ತಿ ನೋಡಿ "ಇದು ಗಾಯ ಒರೆಸೋದು" ಅಂತ ಪಕ್ಕಕ್ಕೆಸೆದಳು. ಗಾಂಧಿ ಬಜಾರಿನ ಗ್ರಂದಿಗೆ ಅಂಗಡಿಯಿಂದ ತಂದಿದ್ದೂ ಸರಿ ಇಲ್ಲ, ಎಳೆ ಬರುವುದಿಲ್ಲವಂತೆ. ಕೊನೆಗೆ ಚಿಕ್ಕಪ್ಪನ ಮಗ ಊರಿನಿಂದ ಬಸ್ಸಿನಲ್ಲಿ ಒಂದು ಚೀಲ ಹತ್ತಿ ಕಳಿಸಿದ. ಅದರ ಬೀಜ ಬಿಡಿಸುವ ಕೆಲಸ ನನಗೂ ಬಂದಿದೆ. ಮಗಳು ನೋಟ್ ಬುಕ್ಕಿನಲ್ಲಿ ಲೆಕ್ಕ ಬರೆಯುತ್ತಿದ್ದಾಳೆ. ನಿನ್ನೆ ರಾತ್ರಿಗೆ 2,140.

ಹುಬ್ಬಳ್ಳಿಯವರೇ, ನಿಮ್ಮ ಪ್ರಶ್ನೆ ಕೇಳಿದೆ. ಕಾಶಿ ಆಸೆ ನಂದೇ ಆಗಿತ್ತು. ಅಮ್ಮನಿಗೆ ಹೇಳಿದರೆ "ಕಾಶಿಗೆಂಥಕ್ಕೆ, ಸಿಗಂದೂರಿಗೆ ಸೇತುವೆ ಆಗಿದ್ದಡ, ಅದನ್ನ ನೋಡವು" ಅಂದಳು! ಹೋದ ವರ್ಷ ಅಂದರೆ 2025ರ ಜುಲೈನಲ್ಲಿ ಸೇತುವೆ ಶುರು ಆಯಿತಲ್ಲ, ಅವಳು ಜೀವಮಾನದಲ್ಲಿ ಲಾಂಚ್‌ನಲ್ಲೇ ಶರಾವತಿ ಹಿನ್ನೀರು ದಾಟಿದವಳು. ದೇವಿ ನೋಡಬೇಕು ಅನ್ನುವುದಕ್ಕಿಂತ ಸೇತುವೆ ನೋಡಬೇಕು ಅನ್ನುವ ಕುತೂಹಲ ಜಾಸ್ತಿ ಇದ್ದ ಹಾಗಿದೆ. ದೊಡ್ಡಹಬ್ಬಕ್ಕೆ (ನಮ್ಮ ಕಡೆ ದೀಪಾವಳಿ) ಊರಿಗೆ ಹೋಗುತ್ತಿದ್ದೇವೆ. ನಾನು ಹದಿನೈದು ದಿನ ಅಲ್ಲಿಂದಲೇ ಕೆಲಸ ಮಾಡುತ್ತೇನೆ, ಕರೆಂಟು ಇದ್ದರೆ.

ಮೇಡಂ, ಒಂದು ಅನುಮಾನ. ಬತ್ತಿಯನ್ನು ದಿನಾ ಎಣಿಸುವುದು ಹೇಗೆ? ಅಮ್ಮನಿಗೂ ಮಗಳಿಗೂ ಲೆಕ್ಕದಲ್ಲಿ ದಿನಾ ಜಗಳ. ಸಂಜೆ ಹಚ್ಚಿದ ಬತ್ತಿಯೂ ಲಕ್ಷಕ್ಕೆ ಸೇರುತ್ತೆ ಅಂತ ಮಗಳು, ಸೇರಲ್ಲ ಅಂತ ಅಮ್ಮ.

ಮಂಡಿನೋವು ಮೇಡಂ

ಸೇರಲ್ಲ. ನಿಮ್ಮ ಅಮ್ಮನದೇ ಸರಿ. ನೂರು ಬತ್ತಿಗೆ ಒಂದು ಕಟ್ಟು ಕಟ್ಟಿಸು, ಹತ್ತು ಕಟ್ಟಿಗೆ ಒಂದು ಡಬ್ಬಿ, ಡಬ್ಬಿ ಮೇಲೆ ಮೊಮ್ಮಗಳ ಕೈಯಲ್ಲಿ ನಂಬರ್ ಬರೆಸು. ಮಳೆಗಾಲದಲ್ಲಿ ಡಬ್ಬಿ ಗಾಳಿಯಾಡದ ಹಾಗೆ ಮುಚ್ಚಿಡಬೇಕು, ಇಲ್ಲದಿದ್ದರೆ ಮುಗ್ಗಲು ಹಿಡಿಯುತ್ತೆ, ನನ್ನದು ಒಂದು ಸಲ ನಾಲ್ಕು ಸಾವಿರ ಹಾಗೇ ಹೋಯಿತು. ಮೇಲೆ ಕುಂಕುಮ ಬೇಡ, ಬಣ್ಣ ಬಿಡುತ್ತೆ. ಇನ್ನೂ ಇದೆ ಹೇಳುವುದು, ನಂಜನಗೂಡು ಬಸ್ಸು ಬಂತು, ಸೀಟು ಹಿಡಿದು ಆಮೇಲೆ ಬರೆಯುತ್ತೇನೆ.